ಹೆಸರು ಕೇಳಿದ ಲ್ಯಾಪ್‌ಟಾಪ್

ಚಂದನಾ,

ನೀನು ತೀರಿಕೊಂಡ ಮೇಲೆ ಕಪಾಟಿನಲ್ಲೇ ಇದ್ದ ನಿನ್ನ ಲ್ಯಾಪ್‌ಟಾಪನ್ನು ಇವತ್ತು ಕುಂದಾಪುರದ ಅಂಗಡಿಯಿಂದ ತಂದೆ. ಕಳೆದ ವಾರ ಶುರು ಮಾಡಲು ಹೋದರೆ ಒಳಗೆ ಟಕ್ ಟಕ್ ಅಂದು ನಿಂತುಬಿಟ್ಟಿತ್ತು. ರಿಪೇರಿಯ ರತನ್ ಹಳೆಯ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಎನ್ನುವ ಹೊಸ ಡಿಸ್ಕ್ ಹಾಕಿದ್ದಾನೆ.

ನನಗೆ ಬೇಕಾಗಿದ್ದದ್ದು ಒಂದೇ. ಬಂದರಿನಲ್ಲಿ ನಾನು ಮೀನು ಏಲಂ ಕೂಗುವುದನ್ನು ನೀನು ರೆಕಾರ್ಡ್ ಮಾಡಿ ಅದರಲ್ಲಿ ಇಟ್ಟಿದ್ದೆಯಲ್ಲ, ಅದು. ಅದರ ತುಂಬಾ ನನ್ನದೇ ಬೊಬ್ಬೆ. ಒಂದು ಬುಟ್ಟಿ ಮುಗಿಸಿ ನಾನು ಉಸಿರೆಳೆದುಕೊಳ್ಳುವಾಗ ಮಾತ್ರ ಹಿಂದೆ ನಿನ್ನ ನಗು ಕೇಳುತ್ತಿತ್ತು.

"ಹಳೆ ಡಿಸ್ಕ್ ಪೂರ ಹಾಳಾಯಿತ್," ಎಂದ ರತನ್. "ಕಂಪೆನಿಯವ್ರ್ ಮೊದ್ಲೇ ಹಾಕಿ ಕೊಟ್ಟ ರಿಕವರಿ ಭಾಗ ಒಂದ್ ಉಳ್ದಿತ್ತ್. ಅದನ್ನ್ ಹೊಸದಕ್ಕೆ ಹಾಕಿದೆ. ಈಗ ತಕಂಡ ದಿನ ಹ್ಯಾಂಗಿತ್ತೋ ಹಾಂಗೇ ಇತ್ತ್ ಕಾಣಿ."

ಹೊಸದರಂತೆ ಆಯಿತೆಂದು ಅವನಿಗೆ ಖುಷಿ. ಹೊಸದು ಯಾರಿಗೆ ಬೇಕಿತ್ತು? ನಿನ್ನ ಕೈ ಮುಟ್ಟುವ ಮೊದಲು ಅದರಲ್ಲಿ ಏನಿತ್ತೋ ಅಷ್ಟೇ ಉಳಿದಿದೆ, ಮಗಳೇ.

ಪರದೆ ಬೆಳಗಿ, ಇದು ಯಾರ ಲ್ಯಾಪ್‌ಟಾಪ್ ಎಂದು ಕೇಳಿತು.

"ಹ್ವಾಯ್, ಹೆಸ್ರ್ ಎಂತ ಹಾಕುದ್?" ಎಂದ ರತನ್.

ದಿನಾ ಇಡೀ ಬಂದರಿಗೆ ಕೇಳುವಂತೆ ಕೂಗುವ ನಿನ್ನ ಅಪ್ಪನಿಗೆ ನಿನ್ನ ಹೆಸರು ಹೇಳಲು ಬಾಯಿ ಬರಲಿಲ್ಲ. ನನ್ನ ಹಿಂದೆ ಬೇರೆ ಗಿರಾಕಿಗಳು ನಿಂತಿದ್ದರು. ಕೊನೆಗೆ ರತನನೇ ಏನೋ ಟೈಪ್ ಮಾಡಿ, ಮುಚ್ಚಿ, ಕೈಗೆ ಕೊಟ್ಟ.

ಈಗ ಮನೆಯಲ್ಲಿ ತೆರೆದು ನೋಡಿದರೆ, ನಿನ್ನ ಹೆಸರು ಇದ್ದ ಜಾಗದಲ್ಲಿ ಆ ಅಂಗಡಿಯ ಹೆಸರು ಬರುತ್ತಿದೆ.