ಕೊನೆಯ ಸ್ಥಾನದ ಕುರ್ಚಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8.40

ಹನ್ನೊಂದು ಹೊಸ ಪ್ರಾಜೆಕ್ಟುಗಳ ರಿಪೋರ್ಟುಗಳನ್ನು ಎಐಗೆ ಹಾಕಿದೆ. ಆಸ್ಪತ್ರೆ ಮಂಚ, ವೀಲ್‌ಚೇರ್ ಮಾಡಿಕೊಂಡು ನೆಮ್ಮದಿಯಾಗಿದ್ದ ನಮ್ಮ ಕಂಪನಿಗೆ ಈಗ ಎಲ್ಲವೂ ಹೊಸದೇ ಬೇಕು. ಎರಡು ನಿಮಿಷದಲ್ಲಿ ಪಟ್ಟಿ ಸಿದ್ಧ. ಕೊನೆಯ ಸ್ಥಾನ — ರೋಗಿಯನ್ನು ಎತ್ತುವ ಕುರ್ಚಿ. "ನಾಲ್ಕು ತಿಂಗಳಿಂದ ಪ್ರಗತಿ ಇಲ್ಲ. ನಿಲ್ಲಿಸಬಹುದು."

ಈ ಎಐಯನ್ನು ಹಟ ಹಿಡಿದು ತರಿಸಿದವಳು ನಾನೇ. ಅದರ ಉತ್ತರ ಇಷ್ಟವಾಗಲಿಲ್ಲ ಎಂದು ಈಗ ತಳ್ಳಿಹಾಕುವ ಹಾಗಿಲ್ಲ. ಯಾವುದನ್ನು ನಿಲ್ಲಿಸುವುದೆಂದು ಶುಕ್ರವಾರ ಮೀಟಿಂಗ್.

ಸಂಜೆ

ಅಕ್ಕನಿಗೆ ಫೋನ್. ಇಪ್ಪತ್ತು ವರ್ಷದಿಂದ ನರ್ಸ್. ರೋಗಿಗಳನ್ನು ಎತ್ತಿ ಎತ್ತಿ ಸೊಂಟ ಹೋಗಿದೆ. ಹೇಳಲೋ ಬೇಡವೋ ಎನ್ನುತ್ತಲೇ ಹೇಳಿಬಿಟ್ಟೆ.

"ನಿಲ್ಲಿಸ್ಬಿಡು. ನನ್ ಸೊಂಟ ಹೋಗಿದ್ದು ಹೋಯ್ತು. ಹೊಸದಾಗಿ ಬಂದ ಹುಡುಗೀರ್ದು ಇನ್ನೂ ಇದೆಯಲ್ಲ, ಅದೂ ಹೋಗ್ಲಿ."

ಬೈದಿದ್ದರೆ ವಾಸಿಯಿತ್ತು.

ಮಾರ್ಚ್ 5, ಬುಧವಾರ

ವರ್ಕ್‌ಶಾಪಿಗೆ ಹೋದೆ. ಕುರ್ಚಿ ಮಾಡುತ್ತಿರುವ ಹಿರಿಯ ಫಿಟ್ಟರ್ ಎಲ್ಲರ ಬಾಯಲ್ಲಿ 'ಮೌನಿ'. ಕೆಲಸ ಬೆಟ್ಟದಷ್ಟು, ಮಾತು ಸಾಸಿವೆಯಷ್ಟು. ಪ್ರತಿ ತಿಂಗಳೂ ಅವರ ರಿಪೋರ್ಟ್ ಒಂದೇ ಸಾಲು: "ಕೆಲಸ ನಡೆದಿದೆ."

"ಏನ್ ನಡೆದಿದೆ ಅಂತ ಬರೀಬಾರ್ದಾ?"

"ಬರೀತಾ ಕೂತ್ರೆ ನಡಿಯೋದ್ ಹ್ಯಾಗಮ್ಮ?"

ಮೂಲೆಯಲ್ಲಿದ್ದ ಟಾರ್ಪಾಲು ಸರಿಸಿದರು. ಆರು ಮಾದರಿ. ಒಂದಕ್ಕಿಂತ ಒಂದು ಮೇಲು. ಎಐ ಸುಳ್ಳು ಹೇಳಿಲ್ಲ... ನಾವು ಕೊಟ್ಟ ಒಂದು ಸಾಲನ್ನು ಓದಿದೆ. ಬಿತ್ತಿದಂತೆ ಬೆಳೆ.

ಮಾರ್ಚ್ 6, ಗುರುವಾರ

ಇಡೀ ದಿನ ಅವರೆದುರು ಸ್ಟೂಲ್ ಹಾಕಿಕೊಂಡು ಕೂತೆ. ಅವರು ಹೇಳಿದರು, ನಾನು ಟೈಪ್ ಮಾಡಿದೆ. ಅಳತೆ, ತೂಕ, ಯಾವ ಮಾದರಿ ಯಾಕೆ ಕೈಕೊಟ್ಟಿತು. ಮಧ್ಯಾಹ್ನ ಬಾಯಿ ಬಿಚ್ಚಿದ ಮೌನಿ ಸಂಜೆಯವರೆಗೂ ಮುಚ್ಚಲಿಲ್ಲ.

ಎಲ್ಲವನ್ನೂ ಎಐಗೆ ಹಾಕಿದೆ. ಹನ್ನೊಂದರಿಂದ ನಾಲ್ಕನೇ ಸ್ಥಾನಕ್ಕೆ! ಜೊತೆಗೊಂದು ಪ್ರಶ್ನೆ — ಪರೀಕ್ಷೆಗಳೆಲ್ಲ ಮರಳುಮೂಟೆ ಕೂರಿಸಿ ಮಾಡಿದ್ದು. ರೋಗಿ ಒಂದು ಪಕ್ಕಕ್ಕೆ ವಾಲಿದರೆ?

ಫಿಟ್ಟರ್ ಸ್ಕ್ರೀನನ್ನೇ ದಿಟ್ಟಿಸಿದರು. "ಮೂಟೆ ವಾಲಲ್ಲ, ಮನುಷ್ಯ ವಾಲ್ತಾನೆ. ಸರಿಯಾಗೇ ಕೇಳಿದೆ ಕಣಮ್ಮ ಇದು."

ಮೂಟೆಯನ್ನು ಎಡಕ್ಕೆ ಸರಿಸಿ ಎತ್ತಿದೆವು. ಕುರ್ಚಿ ಮಗುಚಿತು.

ಮಾರ್ಚ್ 7, ಶುಕ್ರವಾರ

ಮೀಟಿಂಗ್. ಮಗುಚಿದ ವೀಡಿಯೋವನ್ನೇ ಮೊದಲು ತೋರಿಸಿದೆ.

ಡೈರೆಕ್ಟರ್ ಕನ್ನಡಕ ತೆಗೆದರು. "ನಿಮ್ ಎಐ ಸೋಮವಾರ ನಿಲ್ಲಿಸಿ ಅಂತು, ಇವತ್ತು ನಡೆಸಿ ಅನ್ನತ್ತೆ. ಯಾವುದನ್ನ ನಂಬೋದು?"

"ಸೋಮವಾರ ಅದಕ್ಕೆ ಗೊತ್ತಿದ್ದದ್ದು ಒಂದ್ ಸಾಲು ಸರ್. ತಪ್ಪು ನನ್ದು. ನಾಲ್ಕು ತಿಂಗಳಿಂದ ವರ್ಕ್‌ಶಾಪಿಗೆ ಕಾಲಿಟ್ಟಿರ್ಲಿಲ್ಲ. ಆರು ವಾರ ಕೊಡಿ. ಆಮೇಲೂ ಮಗುಚಿದ್ರೆ ನಾನೇ ನಿಲ್ಲಿಸ್ತೀನಿ."

ಸಿಕ್ಕಿತು. ಹೊರಗೆ ಬಂದವಳು ನೇರ ವರ್ಕ್‌ಶಾಪಿಗೆ ಹೋದೆ.

ಏಪ್ರಿಲ್ 4

ಬರೆಯಲು ಪುರುಸೊತ್ತಿಲ್ಲ. ಕುರ್ಚಿಯ ಕಾಲು ಅಗಲ ಮಾಡಿದರೆ ಬಾಗಿಲಲ್ಲಿ ತೂರದು, ಕಿರಿದು ಮಾಡಿದರೆ ಮಗುಚುತ್ತದೆ. ಎಐ ಕೊಟ್ಟ ಒಂಬತ್ತು ಉಪಾಯಗಳಲ್ಲಿ ಎಂಟಕ್ಕೆ ಫಿಟ್ಟರ್ ನಕ್ಕರು. ಒಂಬತ್ತನೆಯದಕ್ಕೆ ನಗಲಿಲ್ಲ — ಎತ್ತುವಾಗ ಮಾತ್ರ ಅಗಲವಾಗುವ ಕಾಲು. ಪೆನ್ಸಿಲ್ ಕೈಗೆತ್ತಿಕೊಂಡರು.

ಬಿಡುವುದಿಲ್ಲ.

ಏಪ್ರಿಲ್ 17. ಮಧ್ಯಾಹ್ನ, ಅಕ್ಕನ ವಾರ್ಡಿನ ಬೆಂಚಿನ ಮೇಲೆ

ಮೊದಲು ನಾನೇ ಕೂತು ಬೇಕೆಂದೇ ಎಡಕ್ಕೆ ವಾಲಿದೆ. ಕದಲಲಿಲ್ಲ. ವಾರ್ಡಿನ ಡಾಕ್ಟರ್ ಸರಿ ಎಂದು ತಲೆಯಾಡಿಸಿದರು.

ಆಮೇಲೆ, ಹನ್ನೆರಡು ದಿನದಿಂದ ಮಲಗಿದ್ದಲ್ಲೇ ಇದ್ದ ಮೇಷ್ಟ್ರು. ಭಾರಿ ಆಳು. "ಬೀಳಿಸ್ತೀರೇನಮ್ಮಾ?"

"ಬೀಳಿಸಿದ್ರೆ ನನ್ಗೂ ಇಲ್ಲೇ ಒಂದ್ ಮಂಚ ಕೊಡ್ತಾರೆ, ಸುಮ್ನಿರಿ" ಎಂದಳು ಅಕ್ಕ. ಒಬ್ಬಳೇ ಪಟ್ಟಿ ಬಿಗಿದಳು. ಗುಂಡಿ ಒತ್ತಿದಳು. ಮೇಷ್ಟ್ರು ಎದ್ದರು, ತಿರುಗಿದರು, ವಾಲಿದರು... ಕೂತರು. ಕುರ್ಚಿ ಕಲ್ಲಿನ ಹಾಗೆ ನಿಂತಿತ್ತು.

"ಕಿಟಕಿ ಹತ್ರ ಬಿಡಿ."

ಬಿಟ್ಟೆವು. ಅಷ್ಟರಲ್ಲಿ ಅವರ ಹೆಂಡತಿ ಊಟದ ಡಬ್ಬಿ ಹಿಡಿದು ಒಳಗೆ ಬಂದರು. ಖಾಲಿ ಮಂಚ ಕಂಡು ಮುಖ ಬಿಳುಚಿಕೊಂಡಿತು. ಆಮೇಲೆ ಕಿಟಕಿಯ ಕಡೆ ತಿರುಗಿ, ಕುರ್ಚಿಯಲ್ಲಿ ಕೂತ ಗಂಡನನ್ನು ಕಂಡರು. ಡಬ್ಬಿಯನ್ನು ಅಲ್ಲೇ ಬಿಚ್ಚಿದರು.