ಮುದ್ದೆಮಾಲು ಕೋಣೆಯಲ್ಲಿ ನಿಂತುಹೋದ ಮ್ಯಾಚು

ಮುದ್ದೆಮಾಲು ಕೋಣೆಯ ಬೀಗದ ಕೈ ಇಟ್ಟುಕೊಂಡಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಠಾಣೆಯಲ್ಲಿ ಒಂದು ಮೊಬೈಲ್ ಫೋನಿದೆ. ನೀಲಿ ಕವರಿನದು, ಬಲಮೂಲೆಯಲ್ಲಿ ಗಾಜು ಸೀಳಿದೆ. 2020ರ ಮೇ ಮೂರನೆಯ ತಾರೀಕು, ಭಾನುವಾರ, ಸಂಜೆ ಆರಕ್ಕೆ ಮೂರು ನಿಮಿಷ ಇರುವಾಗ ನಿಮ್ಮವರು ಅದನ್ನು ಜಪ್ತಿ ಮಾಡಿದರು. ಕೇಸು ಮುಗಿದು ಎರಡು ವರ್ಷವಾಯಿತು, ಫೋನು ಬಂದಿಲ್ಲ. ಅದರಲ್ಲಿ ತೀರಿಹೋದವರೊಬ್ಬರ ಧ್ವನಿಯಿದೆ. ಅವರ ಹೆಂಡತಿ ಅದನ್ನು ಕೇಳಬೇಕೆಂದು ಕಾಯುತ್ತಿದ್ದಾರೆ. ದೂರು ಇಷ್ಟೇ. ಮುಂದಿನದೆಲ್ಲ ವಿವರಣೆ, ಓದಲು ಪುರಸೊತ್ತಿಲ್ಲದಿದ್ದರೆ ತಾವು ಇಲ್ಲಿಗೇ ನಿಲ್ಲಿಸಿ ಬೀಗ ತೆಗೆಯಬಹುದು. ಐದು ಅರ್ಜಿಗಳನ್ನು ತಮಗೆ ಖುದ್ದಾಗಿ ಕೊಟ್ಟಾಗಿದೆ. ಆರನೆಯದನ್ನು ಊರಿಗೆಲ್ಲ ಕಾಣುವ ಹಾಗೆ ಬರೆಯುತ್ತಿದ್ದೇನೆ.

ನಾನು ತುಮಕೂರಿನ ಮಂಡಿಪೇಟೆಯಲ್ಲಿ ಬೆಲ್ಲ ಮಾರುವವನು. ಫೋನಿನ ಯಜಮಾನರು ಸರ್ದಾರ್ ಪಾಷಾ, ನಮ್ಮ ಎದುರು ಸಾಲಿನಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ನಿಖಾಕ್ಕೂ ಅವರದೇ ಮೈಕು, ನಮ್ಮ ಮಠದ ಜಯಂತಿಗೂ ಅವರದೇ ಮೈಕು. ಅದು ಹೊಟ್ಟೆಪಾಡು. ಅವರು ತಮ್ಮ ಕೆಲಸ ಎಂದುಕೊಂಡಿದ್ದು ಬೇರೆ: ಮಂಡಿಪೇಟೆ ಯೂನಿಯನ್ ಫುಟ್‌ಬಾಲ್ ಕ್ಲಬ್ಬಿನ ಮ್ಯಾಚುಗಳಿಗೆ ಕಾಮೆಂಟರಿ ಹೇಳುವುದು. ತೆಂಗು, ಕೊಬ್ಬರಿ, ಕ್ರಿಕೆಟ್ಟಿನ ಈ ಸೀಮೆಯಲ್ಲಿ ಫುಟ್‌ಬಾಲ್ ಕ್ಲಬ್ಬೂ ಇತ್ತೇ ಎಂದು ತಾವು ಕೇಳಬಹುದು. ಇತ್ತು. ಹಳದಿ ಬನೀನು, ಅದಕ್ಕೆ ಹಸಿರು ಪಟ್ಟಿ. ನಾವು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು, ಆದರೆ ಸರ್ದಾರ್ ಭಾಯಿ ಹೇಳುವಾಗ ಸೋತದ್ದು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ.

ಆ ವರ್ಷ ಮಾರ್ಚಿನಲ್ಲಿ ಎಲ್ಲ ಮುಚ್ಚಿತು. ಮದುವೆ ಇಲ್ಲ, ಸಭೆ ಇಲ್ಲ, ಮೈಕಿಗೆ ಕೆಲಸವಿಲ್ಲ. ಆಟದ ಮಾತಂತೂ ದೂರ. ಕ್ಲಬ್ಬಿನ ಹಳಬರೆಲ್ಲ ಮನೆಯಲ್ಲಿ ಕೂತು ವಾಟ್ಸಾಪಿನಲ್ಲಿ ಹಳೆಯ ಮ್ಯಾಚುಗಳ ಜಗಳ ತೆಗೆದರು. ಯಾರು ಪಾಸ್ ಕೊಟ್ಟಿದ್ದು, ಯಾರು ಪೆನಾಲ್ಟಿಯನ್ನು ಗೋಲು ಕಂಬದ ಆಚೆ ಒದ್ದಿದ್ದು. ನೋಡಿ ತೀರ್ಮಾನಿಸೋಣವೆಂದರೆ ಕ್ಲಬ್ಬಿನ ದಾಖಲೆ ಪುಸ್ತಕಗಳನ್ನು ಗೆದ್ದಲು ಯಾವತ್ತೋ ಮಣ್ಣು ಮಾಡಿತ್ತು. ಆಗ ಸರ್ದಾರ್ ಭಾಯಿ ಮಗ ಉಮೇರನ ಕೈಲಿ ಟೈಪ್ ಮಾಡಿಸಿ ಗ್ರೂಪಿಗೆ ಒಂದು ಸಂದೇಶ ಹಾಕಿದರು. "ಜಗಳ ಬ್ಯಾಡ. ಎಲ್ಲಾ ಮ್ಯಾಚೂ ನನ್ ತಲೇಲವೆ. ಭಾನುವಾರ ನಾಕೂವರೆಗೆ ಮಾಳಿಗೆ ಮೇಲ್ ಬನ್ನಿ, ಅವರವರ ಮಾಳಿಗೆ."

ಹೀಗೆ ಶುರುವಾಯಿತು. ದೂರದವರಿಗೆ ಉಮೇರನ ಫೋನಿನಿಂದ ಕಾಲ್. ಬೀದಿಯವರಿಗೆ ಆಂಪ್ಲಿಫೈಯರು, ಒಂದು ಹಾರ್ನು. ಮುಂದೆ ಯಾವತ್ತಾದರೂ ಬರೆದಿಡಲು ಬೇಕಾಗುತ್ತದೆ ಎಂದು ತಮ್ಮ ಸ್ವಂತ ಫೋನನ್ನು ರೆಕಾರ್ಡಿಂಗಿಗೆ ಹಾಕಿ ಎದುರಿಗೆ ಒರಗಿಸುತ್ತಿದ್ದರು. ಏಪ್ರಿಲ್ ಐದರಿಂದ ಭಾನುವಾರಕ್ಕೊಂದು ಮ್ಯಾಚು, ಪೂರ್ತಿ ತೊಂಬತ್ತು ನಿಮಿಷ, ನಡುವಿನ ವಿರಾಮ ಬೇರೆ. ಯಾವ ಥ್ರೋ ಯಾರದ್ದು, ಯಾವ ನಿಮಿಷಕ್ಕೆ ನಾಯಿ ಒಳಗೆ ಬಂತು, ಎಲ್ಲವೂ. ಒಮ್ಮೆ ಚೆಂಡು ಪಕ್ಕದ ತೋಟದ ಬಾವಿಗೆ ಬಿದ್ದಿತ್ತಂತೆ. ಅದನ್ನು ತೆಗೆಯಲು ಹಿಡಿದಿದ್ದ ಆರು ನಿಮಿಷವೂ ಅವರು ಮೈಕ್ ಹಿಡಿದು ಸುಮ್ಮನೆ ನಿಂತರು. ನಾವೂ ನಮ್ಮ ನಮ್ಮ ಮಾಳಿಗೆಯ ಮೇಲೆ ಸುಮ್ಮನೆ ಕಾದೆವು. ಕಾಯುವುದು ಬಿಟ್ಟು ಬೇರೆ ಕೆಲಸ ಆಗ ಯಾರಿಗೂ ಇರಲಿಲ್ಲವಲ್ಲ.

ಐದನೆಯ ಭಾನುವಾರ ರಂಜಾನ್ ಉಪವಾಸ ನಡೆದಿತ್ತು. ನೀರು ಕೂಡ ಕುಡಿಯದೆ ಒಂದೂವರೆ ಗಂಟೆ ಕೂಗುವುದು ಬೇಡವೆಂದು ಬೀಬಿಜಾನಕ್ಕ, ಅಂದರೆ ಅವರ ಹೆಂಡತಿ, ಕೆಳಗಿನಿಂದ ಬೈದರು. ಮೆಲ್ಲಗೆ ಹೇಳಿ ಎಂದು ನಾವೂ ಹೇಳಿದೆವು. "ಮೆಲ್ಲುಗ್ ಹೇಳುದ್ರೆ ಗೋಲಾಗಲ್ಲ ಕಣ್ರೋ" ಎಂದರು. ಅಂದಿನ ಮ್ಯಾಚು 1996ರದ್ದು. ಗುಬ್ಬಿಯಲ್ಲಿ ನಡೆದ ಫೈನಲ್ಲು, ಎದುರಾಳಿ ಕುಣಿಗಲ್ ಕಡೆಯ ತಂಡ. ಪ್ರತಿಯೊಬ್ಬ ಆಟಗಾರನನ್ನೂ ಊರಿನ ಸಮೇತ ಪರಿಚಯ ಮಾಡುವುದು ಅವರ ಪದ್ಧತಿ. ಗೋಲ್‌ಕೀಪರ್ ಸಿ.ಎಸ್. ಪುರದ ಜುಂಜಪ್ಪ, ಎದುರಾಳಿಗಳ ಕಡೆ ಮುಂದೆ ನಿಂತಿರುವವರು ಅಮೃತೂರಿನ ಕಾಳಯ್ಯ, ಹೀಗೆ. ಮೈದಾನದ ಸುತ್ತ ಎರಡು ಸಾವಿರ ಜನ ಸೇರಿದ್ದಾರೆ ಎಂದೂ ಹೇಳಿದರು.

ಇಲ್ಲಿಂದ ತಮ್ಮ ಇಲಾಖೆಯ ಪಾತ್ರ ಶುರುವಾಗುತ್ತದೆ. ಲಾಕ್‌ಡೌನ್ ಮುರಿದು ಎಲ್ಲೋ ಮ್ಯಾಚ್ ಆಡುತ್ತಿದ್ದಾರೆಂದು ಯಾರೋ ಪುಣ್ಯಾತ್ಮರು ತಮಗೆ ಫೋನ್ ಮಾಡಿದರು. ತಮ್ಮ ಜೀಪು ಇದ್ದಬದ್ದ ಮೈದಾನವನ್ನೆಲ್ಲ ಸುತ್ತಿತು, ಎಲ್ಲೂ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೆ ಕಾಮೆಂಟರಿ ಸ್ಪಷ್ಟವಾಗಿ ಕೇಳುತ್ತಿತ್ತು. ಪೇದೆಯೊಬ್ಬರು ನಮ್ಮ ಬೀದಿಯ ತುದಿಯಲ್ಲಿ ನಿಂತು ಹಾರ್ನಿನಿಂದ ಬರುತ್ತಿದ್ದ ಹೆಸರುಗಳನ್ನೆಲ್ಲ ಬರೆದುಕೊಂಡರು. ಎರಡು ಸಾವಿರ ಜನ ಎಂದು ವೈರ್‌ಲೆಸ್ಸಿನಲ್ಲಿ ಹೇಳಿಯೂ ಬಿಟ್ಟರು. ಆಮೇಲೆ ಮಾಳಿಗೆ ಹತ್ತಿದರು. ಅಲ್ಲಿ ಇದ್ದದ್ದು ಒಬ್ಬ ಮುದುಕ, ಅವರ ಮಗ, ಒಂದು ಪ್ಲಾಸ್ಟಿಕ್ ಕುರ್ಚಿ.

ಮುಂದಿನದನ್ನು ನಾನು ನನ್ನ ಮಾಳಿಗೆಯಿಂದ ಕಣ್ಣಾರೆ ಕಂಡೆ. ಮೈಕು ಆನ್ ಇದ್ದದ್ದರಿಂದ ಇಡೀ ಬೀದಿಯೂ ಕೇಳಿತು. ಆಟ ಎಪ್ಪತ್ತೆರಡನೆಯ ನಿಮಿಷಕ್ಕೆ ಬಂದಿತ್ತು. ಒಂದಕ್ಕೊಂದು ಸಮ. ಸರ್ದಾರ್ ಭಾಯಿ ಹೇಳುತ್ತಿದ್ದರು: "ಈಗ ಮಂಡಿಪೇಟೆ ಕಡೆಯಿಂದ ಬದಲಿ ಆಟಗಾರ ಬರ್ತಾ ಇದಾನೆ, ಯಾರಪ್ಪಾ ಅಂದ್ರೆ..."

"ಯಾವ್ ಗ್ರೌಂಡಲ್ರೀ ಆಡ್ಸ್ತಾ ಇರೋದು?" ಎಂದು ಪೇದೆ ಕೇಳಿದರು.

"ತೊಂಬತ್ತಾರರಲ್ಲಿ ಸಾರ್."

ತಮ್ಮ ಪ್ರಥಮ ವರ್ತಮಾನ ವರದಿಯ ಪ್ರತಿ ನನ್ನ ಮುಂದಿದೆ. 'ತೊಂಬತ್ತಾರು ಎಂಬ ಮೈದಾನದಲ್ಲಿ ಸುಮಾರು ಎರಡು ಸಾವಿರ ಜನರನ್ನು ಗುಂಪುಗೂಡಿಸಿ ಪುಟ್ಬಾಲ್ ಪಂದ್ಯ ಏರ್ಪಡಿಸಿ' ಎಂದು ಬರೆದಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ತಾವು ಕರುವಿಗೆ ಹೆಸರನ್ನೂ ಇಟ್ಟಿರಿ. ನಮ್ಮ ಹನ್ನೊಂದು ಜನ, ಅವರ ಕಡೆ ಹಾರ್ನಿನಲ್ಲಿ ಹೆಸರು ಕೇಳಿಸಿದ ಏಳು ಜನ, ಜೊತೆಗೆ ಏರ್ಪಡಿಸಿದ ಸರ್ದಾರ್ ಭಾಯಿ, ಒಟ್ಟು ಹತ್ತೊಂಬತ್ತು ಆರೋಪಿಗಳು. ಜುಂಜಪ್ಪ 2011ರಲ್ಲೇ ತೀರಿಕೊಂಡಿದ್ದರು. ಅವರ ಹೆಸರಿನ ಎದುರು 'ತಲೆಮರೆಸಿಕೊಂಡಿರುತ್ತಾನೆ' ಎಂದಿದೆ. ಇದನ್ನು ತಪ್ಪು ಎನ್ನಲು ನನಗೂ ಬಾಯಿ ಬರುವುದಿಲ್ಲ. ಕಾಳಯ್ಯನವರು ಸಮನ್ಸ್ ಹಿಡಿದು ಅಮೃತೂರಿನಿಂದ ಬಸ್ಸು ಬದಲಿಸಿ ಬದಲಿಸಿ ಕೋರ್ಟಿಗೆ ಬಂದರು. ಇಪ್ಪತ್ತನಾಲ್ಕು ವರ್ಷದ ಮೇಲೆ ಅವರನ್ನು ನೋಡಿದ್ದು. ಮೊಣಕಾಲು ಬಾಗುತ್ತಿರಲಿಲ್ಲ. "ಅಲ್ಲಾ ಕಣಪ್ಪ, ಸೋತಿರೋ ಮ್ಯಾಚ್ಗೂ ಕೇಸಾ?" ಎಂದು ನನ್ನನ್ನು ಕೇಳಿದರು. ಉತ್ತರ ತಮ್ಮಲ್ಲಿದ್ದರೆ ಅವರಿಗೆ ಒಂದು ಕಾರ್ಡು ಹಾಕಿ.

ಆಂಪ್ಲಿಫೈಯರು, ಹಾರ್ನು ಎರಡು ತಿಂಗಳಿಗೆ ಬಂದವು. ಫೋನು ಮಾತ್ರ ಸಾಕ್ಷ್ಯವೆಂದು ಉಳಿಯಿತು. ಆಡದ ಆಟಕ್ಕೆ ಅದೊಂದೇ ಸಾಕ್ಷಿ. ಇನ್ನೊಂದು ಫೋನ್ ತಂದು ಮುಂದುವರಿಸಿ ಎಂದು ಎಲ್ಲರೂ ಸರ್ದಾರ್ ಭಾಯಿಗೆ ಹೇಳಿದರು. ಅವರು ಕೇಳಲಿಲ್ಲ. "ಅದು ಬರ್ಲಿ ತಡೀರಿ. ಎಲ್ಲಿ ನಿಲ್ಸಿದೀನೋ ಅಲ್ಲಿಂದ್ಲೇ ಶುರು ಮಾಡ್ತೀನಿ" ಎಂದರು. ಪ್ರತಿ ಸೋಮವಾರ ಠಾಣೆಗೆ ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದರು. ತಮ್ಮ ಸಿಬ್ಬಂದಿ ಅವರಿಗೆ ಒಂದೆರಡು ಸಲ ಟೀ ಕೊಟ್ಟಿದ್ದಾರೆ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಮರುವರ್ಷ ಮೇ ತಿಂಗಳಲ್ಲಿ ಅವರಿಗೆ ಕೋವಿಡ್ ಆಯಿತು. ಆಸ್ಪತ್ರೆಗೆ ಸೇರಿಸಿದ ಒಂಬತ್ತನೆಯ ದಿನ ಹೋದರು. ಯಾರಿಗೂ ಮುಖ ನೋಡಲು ಆಗಲಿಲ್ಲ. ಅದಕ್ಕೆ ಮುಂಚೆ ನರ್ಸೊಬ್ಬರ ಫೋನಿನಿಂದ ಉಮೇರನ ಜೊತೆ ಒಂದು ಸಲ ಮಾತಾಡಿದ್ದರು. ಉಸಿರು ಸಾಲದೆ ಎರಡೇ ಮಾತು. ಆಂಪ್ಲಿಫೈಯರಿಗೆ ಬಟ್ಟೆ ಮುಚ್ಚಿದೀಯಾ, ಸೋಮವಾರ ಠಾಣೆಗೆ ಹೋಗಿ ಬಾ. ದಫನಿಗೆ ನಮ್ಮನ್ನು ಬಿಡಲಿಲ್ಲ. ನಾನು ಅಂಗಡಿಯ ಅರ್ಧ ಬಾಗಿಲು ಹಾಕಿ ಒಳಗೆ ಕೂತೆ. ಅಳು ಬರುತ್ತದೆ ಎಂದುಕೊಂಡೆ, ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಈ ಪತ್ರದಲ್ಲಿ ತಾವು ನನ್ನ ಸಿಟ್ಟನ್ನು ಹುಡುಕಿದರೆ ಅದೂ ಸಿಗುವುದಿಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟ ದವಡೆಯ ಹಾಗೆ ಆಗಿದೆ. ಜಾಗ ಅಲ್ಲೇ ಇದೆ, ಮುಟ್ಟಿದರೆ ಗೊತ್ತಾಗುವುದಿಲ್ಲ.

2023ರಲ್ಲಿ ನ್ಯಾಯಾಲಯ ಪ್ರಕರಣ ಮುಗಿಸಿ, ಜಪ್ತಿ ಮಾಲನ್ನು ವಾರಸುದಾರರಿಗೆ ಹಿಂದಿರುಗಿಸತಕ್ಕದ್ದು ಎಂದಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಬೀಬಿಜಾನಕ್ಕನನ್ನು ಕರೆದುಕೊಂಡು ನಾನೇ ತಮ್ಮ ಠಾಣೆಗೆ ಬಂದೆ. ಮರಣ ಪತ್ರ, ವಂಶವೃಕ್ಷ, ಆಧಾರ್ ಎಲ್ಲ ಇಟ್ಟೆವು. ಗುಮಾಸ್ತರು ನೋಡಿ, ಕಡತದಲ್ಲಿರುವ ಆರೋಪಿಯ ಹೆಸರು 'ಸರದಾರ ಬಾಷಾ', ಸತ್ತಿರುವುದು 'ಸರ್ದಾರ್ ಪಾಷಾ', ಆದ್ದರಿಂದ ಬಾಷಾ ಖುದ್ದಾಗಿ ಬಂದು ಸಹಿ ಹಾಕಬೇಕು ಎಂದರು. ಹೆಸರು ತಪ್ಪು ಬರೆದವರು ಯಾರು? ಬೀದಿಯ ತುದಿಯಲ್ಲಿ ನಿಂತು ಹಾರ್ನು ಕೇಳಿ ಬರೆದುಕೊಂಡವರು ನಾವೇ? ಜುಂಜಪ್ಪನವರನ್ನು ಓಡಿಹೋದವರನ್ನಾಗಿ ಮಾಡಿದ ಕಡತ ಸರ್ದಾರ್ ಭಾಯಿಯನ್ನು ಬದುಕಿಸಿ ಇಟ್ಟುಕೊಂಡಿದೆ. ತಮ್ಮ ಬಾಷಾ ಯಾವತ್ತಾದರೂ ಬಂದರೆ ದಯವಿಟ್ಟು ನಮಗೊಂದು ಮಾತು ತಿಳಿಸಿ, ನಾವೂ ನೋಡಬೇಕು.

ಫೋನು ಮುದ್ದೆಮಾಲು ಕೋಣೆಯಲ್ಲಿ ಜೋಪಾನವಾಗಿದೆ ಎಂದೂ ಗುಮಾಸ್ತರು ಹೇಳಿದ್ದರು. ಜಪ್ತಿಯಾದ ಸಾಮಾನಿಗೆ ತಮ್ಮಲ್ಲಿ ಹಾಗೆನ್ನುತ್ತಾರೆಂದು ಬೀಬಿಜಾನಕ್ಕನಿಗೆ ಹೇಗೆ ಗೊತ್ತಾಗಬೇಕು? ನಮ್ಮ ಕಡೆ ಮುದ್ದೆ ಎಂದರೆ ರಾಗಿಯದು. ಆಟೋದಲ್ಲಿ ಬರುವಾಗ, "ಮುದ್ದೆ ಮಾಡೋ ರೂಮಲ್ಲಿ ಫೋನ್ ಯಾಕ್ ಇಟ್ಟವ್ರೆ? ಇಲಿ ಕಡ್ಯಲ್ವಾ?" ಎಂದು ಕೇಳಿದರು. ನಾನು ಅರ್ಥ ಹೇಳಿದೆ. ಆಮೇಲೆ ಅವರು ಹೇಳಿದರು: "ನಾನು ಆ ಕಾಮೆಂಟ್ರಿ ಒಂದ್ ದಿನಾನೂ ಕಿವಿಗೊಟ್ಟು ಕೇಳ್ಲಿಲ್ಲ ಸಂಗಮೇಶ. ಅಡುಗೆ ಮನೇಲಿ ಬೈಕೊಂಡೇ ಇದ್ದೆ. ಒಂದ್ಸಲ ಸುಮ್ನೆ ಕೂತ್ಕೊಂಡು ಕೇಳ್ಬೇಕು. ಅಷ್ಟೇ."

ಅವರ ಧ್ವನಿ ಬೇರೆ ಎಲ್ಲೂ ಉಳಿದಿಲ್ಲವೇ ಎಂದು ತಾವು ಕೇಳಬಹುದು. ಇಲ್ಲ. ಮೂವತ್ತು ವರ್ಷ ಊರಿಗೆಲ್ಲ ಕೇಳಿದ ಧ್ವನಿಯನ್ನು ಯಾರೂ ಹಿಡಿದಿಡಲಿಲ್ಲ. ಮನುಷ್ಯನೇ ಎದುರು ಸಾಲಿನಲ್ಲಿ ಕೂತಿರುವಾಗ ಯಾರಿಗೆ ತೋಚುತ್ತದೆ?

ಇಷ್ಟು ಹೊತ್ತು ಎಲ್ಲವನ್ನೂ ಬೀಬಿಜಾನಕ್ಕನ ತಲೆಗೆ ಕಟ್ಟಿದೆ. ನನ್ನದೂ ಒಂದಿದೆ. ಆ ಎಪ್ಪತ್ತೆರಡನೆಯ ನಿಮಿಷದ ಬದಲಿ ಆಟಗಾರ ನಾನೇ. ಎರಡು ವರ್ಷ ಬೆಂಚಿನ ಮೇಲೆ ಕೂತಿದ್ದವನು, ಕ್ಲಬ್ಬಿಗೆ ಆಡಿದ್ದು ಆ ಹದಿನೆಂಟು ನಿಮಿಷ ಮಾತ್ರ. ಚೆಂಡು ನನಗೆ ಎರಡು ಸಲ ಸಿಕ್ಕಿತು. ಮೊದಲನೆಯದು ಹೊರಗೆ ಹೋಯಿತು, ಎರಡನೆಯದು ಗೋಲಾಯಿತು. ಎರಡು-ಒಂದರಲ್ಲಿ ಗೆದ್ದೆವು. ಹಿಂದಿನ ಭಾನುವಾರ ಸರ್ದಾರ್ ಭಾಯಿ ತಮ್ಮ ಮಾಳಿಗೆಯಿಂದ ನನ್ನತ್ತ ಕೈ ಮಾಡಿ, "ಮುಂದಿನ್ ವಾರ ನಿಂದು ಕಣೋ" ಎಂದಿದ್ದರು. ಅದಕ್ಕೇ ಆ ದಿನ ಹಳೆಯ ಹಳದಿ ಬನೀನು ಹಾಕಿಕೊಂಡು ಕೂತಿದ್ದೆ. ಹೊಟ್ಟೆಯ ಹತ್ತಿರ ಬಿಗಿಯುತ್ತಿತ್ತು. 'ಯಾರಪ್ಪಾ ಅಂದ್ರೆ' ಎಂದರು, ನಾನು ಎದ್ದು ನಿಂತೆ, ತಮ್ಮವರು ಬಂದರು. ಆಮೇಲೆ ಒಂದು ವರ್ಷ ದಿನಾ ಅವರ ಅಂಗಡಿಯ ಮುಂದೆ ಓಡಾಡಿದೆ. ಆ ಹೆಸರೊಂದನ್ನು ಹೇಳಿಬಿಡಿ ಭಾಯಿ ಎಂದು ಕೇಳಲು ನಾಚಿಕೆಯಾಯಿತು. ಐವತ್ತು ಹತ್ತಿರವಾದವನು ಕೇಳುವ ಮಾತೇ ಅದು?

ಹಾರ್ನಿನಲ್ಲಿ ನನ್ನ ಹೆಸರು ಬರಲಿಲ್ಲವಾದ್ದರಿಂದ ತಮ್ಮ ಪಟ್ಟಿಯಲ್ಲೂ ಬರಲಿಲ್ಲ. ಆ ತಂಡದಲ್ಲಿ ಕೇಸಿಲ್ಲದೆ ಉಳಿದವನು ನಾನೊಬ್ಬನೇ. ಎಲ್ಲರೂ ನನ್ನನ್ನು ಅದೃಷ್ಟವಂತ ಎಂದರು.

ಈಗ ಬೇಡಿಕೆ. ಬಾಷಾ ಮತ್ತು ಪಾಷಾ ಒಬ್ಬರೇ ಎಂದು ಒಂದು ಸಾಲು ಬರೆದು ಆ ಫೋನನ್ನು ಬೀಬಿಜಾನಕ್ಕನ ಕೈಗೆ ಕೊಡಿ. ಚಾರ್ಜರ್ ನಾವೇ ತರುತ್ತೇವೆ. ಲಾಕ್ ತೆಗೆಯುವ ಸಂಖ್ಯೆ 2196 ಎಂದು ಉಮೇರ್ ಹೇಳಿದ್ದಾನೆ. ಎರಡು-ಒಂದು, ತೊಂಬತ್ತಾರು. ಐದು ವರ್ಷ ಸುಮ್ಮನೆ ಬಿದ್ದ ಫೋನು ಮತ್ತೆ ಆನ್ ಆಗದೆಯೂ ಹೋಗಬಹುದು. ಬೀಬಿಜಾನಕ್ಕನಿಗೆ ಕನ್ನಡ ಓದಲು ಬರುವುದಿಲ್ಲ, ಆದ್ದರಿಂದ ಇದನ್ನು ಇಲ್ಲಿ ಬರೆಯಬಹುದು. ಫೋನು ಆನ್ ಆಗದಿದ್ದರೆ ತಮ್ಮವರು ಠಾಣೆಯಲ್ಲಿ ಅದನ್ನು ಬಾಯಿ ಬಿಟ್ಟು ಹೇಳಬಾರದು. ಮನೆಗೆ ಹೋದ ಮೇಲೆ ನಾನು ಹೇಳಿಕೊಳ್ಳುತ್ತೇನೆ.

ಆಗ ನನ್ನದು ಇನ್ನೊಂದೇ ಬೇಡಿಕೆ ಉಳಿಯುತ್ತದೆ. ಪುಸ್ತಕ ಗೆದ್ದಲಿಗೆ ಹೋಯಿತು, ಹೇಳುವವರು ಮಣ್ಣಿಗೆ ಹೋದರು. ನಮ್ಮ ಕ್ಲಬ್ಬು ಗುಬ್ಬಿಯಲ್ಲಿ ಆ ಫೈನಲ್ ಆಡಿತ್ತು ಎಂಬುದಕ್ಕೆ ಈ ಲೋಕದಲ್ಲಿ ಬರವಣಿಗೆಯಲ್ಲಿ ಉಳಿದಿರುವುದು ತಮ್ಮ ಪ್ರಥಮ ವರ್ತಮಾನ ವರದಿಯೊಂದೇ. ಹನ್ನೊಂದು ಜನರ ಹೆಸರು, ಊರು, ಒಂದೂ ಬಿಡದೆ ಇದೆ. ಅದರ ಕೊನೆಗೆ ನನ್ನದೊಂದನ್ನು ಸೇರಿಸಿ. ಮುಗಿದ ಕೇಸಿಗೆ ಹೊಸ ಆರೋಪಿಯನ್ನು ಸೇರಿಸಲು ಬರುವುದಿಲ್ಲ ಎನ್ನುತ್ತೀರಿ. ಆಡದ ಮ್ಯಾಚಿಗೆ ಕೇಸು ಹಾಕಲು ಬಂದಿತ್ತಲ್ಲ ಸ್ವಾಮಿ. ಎಲ್ಲಿ ಸಹಿ ಹಾಕಬೇಕೋ ಹೇಳಿ, ಬಂದು ಹಾಕುತ್ತೇನೆ.

ಇಂತಿ,
ಬೆಂಚಿನಿಂದ ಎದ್ದು ಗೆರೆಯ ಹತ್ತಿರ ನಿಂತೇ ಇರುವ
ಸಂಗಮೇಶ್
ಬೆಲ್ಲದ ವ್ಯಾಪಾರಿ, ಮಂಡಿಪೇಟೆ, ತುಮಕೂರು
(ಈವರೆಗೆ ಯಾವ ಕೇಸೂ ಇಲ್ಲ)