ಹಿಂದಕ್ಕೆ ಕತ್ತು ತಿರುಗಿಸಿದ ಹಕ್ಕಿ

ಸಾನ್ ಗಾಸ್ಪರ್ ಚುವಾಕ್, ಗ್ವಾಟೆಮಾಲ
ಅಕ್ಟೋಬರ್ 9, 2003

ಪ್ರೀತಿಯ ಯುಲಾಲಿಯಾ,

ಮೊದಲು ಕಿವಿ ಹಿಂಡಿಸಿಕೋ, ಆಮೇಲೆ ಓದು. ಅರ್ಧ ಓದಿ ಮಡಿಚಿಟ್ಟು, ಅಜ್ಜಿಯದು ಯಾವಾಗಲೂ ಇದೇ ಗೋಳು ಎನ್ನುವ ಚಾಳಿ ನಿನಗಿದೆ. ಈ ಸಲ ಕೊನೆಯ ಸಾಲಿನವರೆಗೂ ಓದಬೇಕು. ಕೆಮ್ಮು ಹೇಗಿದೆ? ರಾಜಧಾನಿಯ ಹೊಗೆ ಕುಡಿದು ಒಣಗಿರುತ್ತೀ, ಹೊತ್ತಿಗೆ ಸರಿಯಾಗಿ ಜೋಳದ ಗಂಜಿಯನ್ನಾದರೂ ಕುಡಿ. ನನ್ನ ಮಂಡಿ ಕೆಟ್ಟಿದೆ, ನಾಲಿಗೆ ಚೆನ್ನಾಗಿದೆ.

ನೀನು ಮಕ್ಕಳಿಗೆಂದು ಬರೆದ ಪುಸ್ತಕ ಶಾಲೆಗೆ ಕಟ್ಟುಗಟ್ಟಲೆ ಬಂತು. ನಮ್ಮ ಗಾಳಿಪಟ, ನಮ್ಮ ಮಗ್ಗ, ನಮ್ಮ ಜೋಳದ ಹೊಲ, ಎಲ್ಲ ಬಣ್ಣಬಣ್ಣ. ತಮ್ಮ ಮೈಮೇಲಿನ ಅಂಗಿಯನ್ನೇ ಪುಸ್ತಕದಲ್ಲಿ ಕಂಡು ಮಕ್ಕಳು ಕುಣಿದಾಡಿದವು. ನಿನ್ನ ತಾತ ಲಾಸಾರೊ ಪಟ ಹಾರಿಸುವ ಚಿತ್ರದ ಮೇಲೆ ನಾನೂ ಕೈಯಾಡಿಸಿದೆ. ಮೂಗು ಸರಿಯಿಲ್ಲ, ಅವರದು ಇನ್ನೂ ದಪ್ಪ. ಅಲ್ಲಿಯವರೆಗೆ ಎಲ್ಲ ಸರಿ.

ಅದರ ಮುಂದಿನ ಪುಟ ಯಾಕೆ ಬರೆದೆ, ಹುಚ್ಚಿ? ಆ ಯುದ್ಧದ ವರ್ಷ ಸೈನಿಕರು ಊರವರನ್ನು ಚರ್ಚಿನ ಮುಂದೆ ನಿಲ್ಲಿಸಿದ್ದು, ಮುಸುಕು ಹಾಕಿದವನೊಬ್ಬ ತಾತನ ಕಡೆ ಬೆರಳು ತೋರಿಸಿದ್ದು, ಅವರು ಎಳೆದೊಯ್ದ ತಾತ ಮತ್ತೆ ಮನೆಗೆ ಬಾರದೆ ಹೋದದ್ದು. ಮುಖವಿಲ್ಲ, ಹೆಸರಿಲ್ಲ, ಯಾರಿಗೆ ತಿಳಿದೀತು ಎಂದು ನೀನು ಅಂದುಕೊಂಡೆ. ಆದರೆ ಯಾರದೆಂದು ಹೇಳದೆ ನಾನು ಬಣ್ಣಿಸಿದ್ದ ಹಾಗೆಯೇ ಅವನ ನಡುಪಟ್ಟಿಯನ್ನು ಬರೆದಿಟ್ಟೆ: ಹಿಂದಕ್ಕೆ ಕತ್ತು ತಿರುಗಿಸಿದ ಕೆಂಪು ಕಾಲಿನ ಹಕ್ಕಿ. ಒಂದು ದಿನವಾದರೂ ನನ್ನ ಪಕ್ಕ ಮಗ್ಗಕ್ಕೆ ಕೂತಿದ್ದರೆ ನಿನಗೆ ಗೊತ್ತಿರುತ್ತಿತ್ತು. ಇಲ್ಲಿ ಪ್ರತಿ ಹೆಂಡತಿಯೂ ಗಂಡನ ಪಟ್ಟಿಗೆ ತನ್ನದೇ ಹಕ್ಕಿ ನೇಯುತ್ತಾಳೆ, ಇನ್ನೊಬ್ಬಳು ಅದನ್ನು ನೇಯುವುದಿಲ್ಲ. ಅಕ್ಷರ ಬಾರದ ಹೆಂಗಸರೂ ಆ ಪುಟ ಓದಿದರು. ತರಗತಿಯಲ್ಲೊಂದು ಮಗು, "ಅಯ್ಯೋ, ಇದು ಫೆರ್ಮಿನ್ ತಾತನ ಪಟ್ಟಿ ಅಲ್ವಾ!" ಎಂದು ಕೂಗಿತಂತೆ. ಮೇಷ್ಟ್ರು ಪುಸ್ತಕ ಮುಚ್ಚಿದರಂತೆ. ಇನ್ನು ಮುಚ್ಚಿ ಏನು ಬಂತು?

ಮಾರನೆಯ ದಿನದಿಂದ ಫೆರ್ಮಿನ್ ಚರ್ಮದ ಬೆಲ್ಟು ಕಟ್ಟಿ ಓಡಾಡುತ್ತಿದ್ದಾನೆ. ಭಾನುವಾರ ಬೆಲ್ಲದ ಅಚ್ಚು ಹಿಡಿದು ನಮ್ಮ ಮನೆಗೇ ಬಂದ. ಟೋಪಿಯನ್ನು ಮೊಣಕಾಲ ಮೇಲಿಟ್ಟು, "ಮಿಕಾಯೆಲಕ್ಕಾ, ಮೊಮ್ಮಗಳು ಏನ್ ಚೆಂದ ಬರೀತಾಳೆ! ಸತ್ತ ಹಿರಿಯರ ಹಬ್ಬಕ್ಕೆ ತಾತನ ಹೆಸರಲ್ಲಿ ಪಟ ಹಾರಿಸೋಕೆ ಬರ್ತಾಳಲ್ವಾ? ಯಾವ ಬಸ್ಸಿಗೆ?" ಅಂದ.

"ಅವಳು ನನ್ನ ಕೇಳಿ ಬಸ್ಸು ಹತ್ತೋಳಲ್ಲ. ನೀನೇ ಕೇಳ್ಕೋ" ಅಂದೆ.

"ಕೇಳ್ತೀನಿ ಬಿಡಿ" ಎಂದು ನಕ್ಕ. ಹೋಗುವಾಗ ಗೋಡೆಯ ಮೇಲಿನ ನಿನ್ನ ಫೋಟೋ ನೋಡುತ್ತ ಬಹಳ ಹೊತ್ತು ನಿಂತ. ಆ ಬೆಲ್ಲವನ್ನು ನಾನು ಹಂದಿಗೂ ಹಾಕಲಿಲ್ಲ, ಹಿತ್ತಲಿಗೆಸೆದೆ. ಅದನ್ನು ಮೂಸುತ್ತಿದ್ದ ನಮ್ಮ ನಾಯಿ ನಿನ್ನೆಯಿಂದ ಕಾಣಿಸುತ್ತಿಲ್ಲ.

ಆ ತಾಯಿ ಮರಿಯಳ ಸೆರಗು ನಿನ್ನ ತಲೆಯ ಮೇಲಿರಲಿ.

ನಿನ್ನ ಅಜ್ಜಿ,
ಮಿಕಾಯೆಲಾ

ಇನ್ನೊಂದು ಮಾತು: ಈಗ ತಾನೇ ಫೆರ್ಮಿನ್‌ನ ಹೆಂಡತಿ ಟೊಮಾಸಾ ಹಿತ್ತಲ ಬಾಗಿಲಿಂದ ಬಂದು, ಶಾಲಿನೊಳಗಿಂದ ಆ ಪಟ್ಟಿ ತೆಗೆದು ನನ್ನ ಮಡಿಲಿಗೆ ಹಾಕಿದಳು. "ಒಲೆಗೆ ಹಾಕು ಅಂದ. ನಾನು ನೇಯ್ದದ್ದು, ಕೈ ಬರ್ಲಿಲ್ಲ. ಹುಡುಗೀಗೆ ಬರ್ಬೇಡ ಅನ್ನಿ, ಬಸ್ ನಿಲ್ಲೋ ಕಡೆ ಜನ ಕೂರ್ಸಿದಾನೆ" ಅಂದಳು. ನಾನು ಮಾತಾಡುವಷ್ಟರಲ್ಲಿ ಹೊರಟುಹೋದಳು. ರಾಜಧಾನಿಗೆ ಹೊರಟಿರುವ ನಮ್ಮ ಚರ್ಚಿನ ಪಾದ್ರಿಗಳು ನಿನಗೆ ಈ ಕಾಗದ ಕೊಟ್ಟಾಗ ಅದಕ್ಕೊಂದು ಬಟ್ಟೆ ಸುತ್ತಿತ್ತಲ್ಲ, ಬಿಡಿಸಿ ನೋಡು, ಅದೇ ಅದು. ಒಗೆಯಬೇಡ. ಯುದ್ಧಕಾಲದ ಅನ್ಯಾಯಗಳನ್ನು ವಿಚಾರಿಸುವವರ ಮೇಜಿನ ಮೇಲೆ ಇಡು. ಹಬ್ಬಕ್ಕೆ ಮಾತ್ರ ಬರಬೇಡ, ತಾತನ ಪಟ ನಾನೇ ಹಾರಿಸುತ್ತೇನೆ. ಬರುವುದಿಲ್ಲ ಎಂದು ನವೆಂಬರ್ ಒಂದರ ಹಬ್ಬಕ್ಕೆ ಮೊದಲೇ ಉತ್ತರ ಬರೆ. ಪಾದ್ರಿಗಳ ಕೈಗೇ ಕೊಡು, ಬೇರೆ ಯಾರ ಕೈಗೂ ಕೊಡಬೇಡ.